ಐದು ಗಂಟೆಯ ಫೋನು

ಫೆಬ್ರವರಿ 19, 2025, ಬುಧವಾರ. ರಾತ್ರಿ 10.40

ಇವತ್ತು ಎಚ್ಚರವೇ ಆಗಲಿಲ್ಲ. ಅಲಾರಂ ಹೊಡೆದುಕೊಂಡಿತೋ ಇಲ್ಲವೋ, ಅದೂ ಗೊತ್ತಿಲ್ಲ. ಐದೂ ಮುಕ್ಕಾಲಿಗೆ ಫೋನು ಬಡಿದುಕೊಂಡಿತು. ಎದ್ದು ಓದಲಿ ಅಂತ ದಿನಾ ಬೆಳಿಗ್ಗೆ ಐದಕ್ಕೆ ನಾನು ಫೋನ್ ಮಾಡಿ ಎಬ್ಬಿಸುವ ಹತ್ತನೇ ಕ್ಲಾಸಿನ ಮಕ್ಕಳಲ್ಲಿ ಒಬ್ಬ, ನಮ್ಮ ಕ್ರಿಕೆಟ್ ಹುಡುಗ. ಅವನ ಅಪ್ಪ.

"ಮೇಡಂ, ಇವತ್ತು ನಿಮ್ ಫೋನೇ ಬರ್ಲಿಲ್ವಲ್ಲ? ಹುಡುಗ ಇನ್ನೂ ಮಲಗವ್ನೆ."

ಗದರಿದ್ದಲ್ಲ ಪಾಪ. ಹಾಲಿನವನು ಬರದಿದ್ದರೆ ಕೇಳುತ್ತೇವಲ್ಲ, ಹಾಗೆ. "ಸಾರಿ ಅಣ್ಣ, ಸ್ವಲ್ಪ ಎಬ್ಬಿಸಿಬಿಡಿ" ಅಂದೆ. ಫೋನಿಟ್ಟ ಮೇಲೆ ಹೊಳೆಯಿತು: ಅಪ್ಪ ಎದ್ದಿದ್ದಾನೆ, ಮಗ ಪಕ್ಕದಲ್ಲೇ ಬಿದ್ದುಕೊಂಡಿದ್ದಾನೆ, ಎಬ್ಬಿಸಬೇಕಾದವಳು ಮಾತ್ರ ತಿಪಟೂರಲ್ಲಿರೋ ನಾನು! ಒಬ್ಬಳೇ ನಕ್ಕೆ. ಹಲ್ಲುಜ್ಜುವಾಗ ಯಾಕೋ ಕಣ್ಣು ತುಂಬಿಕೊಂಡಿತು. ಸಾರಿ ಅಂದಿದ್ದಾದರೂ ಯಾತಕ್ಕೆ?

ಶುರು ಮಾಡಿದವಳು ನಾನೇ, ಇನ್ನು ಯಾರನ್ನು ಅನ್ನಲಿ. ಕೊರೊನಾ ಕಳೆದ ಮೇಲಿನ ಬ್ಯಾಚು. ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯೋಕೆ ಹೋಗಿ ಅಜ್ಜಿ ಮನೆಯಲ್ಲಿ ಉಳಿದಿದ್ದ ಹುಡುಗಿ, "ಮಿಸ್, ಅಜ್ಜಿಗೆ ಗಡಿಯಾರ ಕಾಣ್ಸಲ್ಲ, ನೀವೇ ಒಂದು ಫೋನ್ ಮಾಡ್ತೀರಾ?" ಅಂದಳು. ಮಾಡಿದೆ. ಒಂದು ತಿಂಗಳು. ಗಣಿತಕ್ಕೆ 41 ಬಂತು. ಆ ಸಂತೋಷ ಸುಳ್ಳಲ್ಲ, ಅದನ್ನು ಈಗಲೂ ಅಲ್ಲಗಳೆಯಲಾರೆ.

ಮರುವರ್ಷ ನಮ್ಮ ಹೆಡ್‌ಮಾಸ್ಟರ್ ಇದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೀಟಿಂಗಿನಲ್ಲಿ ಹೇಳಿದರು. ಚಪ್ಪಾಳೆ. ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೋ, ಕೆಳಗೆ ನಲವತ್ತು ಕೈಮುಗಿಯುವ ಚಿತ್ರಗಳು. ಅದರ ಮುಂದಿನ ವರ್ಷ ಎಲ್ಲ ಟೀಚರುಗಳಿಗೂ ಎಂಟೆಂಟು ಮಕ್ಕಳ 'ದತ್ತು', ಅಂದರೆ ಫೋನ್ ಮಾಡಿ ಎಬ್ಬಿಸುವ ಹೊಣೆ. ಯಾರಿಗೆ ಎಷ್ಟು ಗಂಟೆಗೆ ಕರೆ ಮಾಡಿದಿರಿ, ಮಗು ಎದ್ದಿತಾ, ಸಹಿ, ಎಲ್ಲಕ್ಕೂ ಒಂದು ಪುಸ್ತಕ. ಅದಕ್ಕೆ ಸ್ಕೇಲಿಟ್ಟು ಗೆರೆ ಹೊಡೆದುಕೊಟ್ಟವಳೂ ನಾನೇ. ಚೆನ್ನಾಗಿ ಗೆರೆ ಹೊಡೀತೀನಿ ಅಂತ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೂ ಹಿಂದಿ ಮೇಡಮ್ಮೂ ಇಬ್ಬರೇ. ಬೆಳಗಿನ ಕಥೆ ಹೇಳಿದೆ, ನಗುತ್ತಾರೆ ಅಂದುಕೊಂಡು. ನಗಲಿಲ್ಲ.

"ನಿಮ್ ಮೇಲೆ ನಂಗೆ ಕೋಪ ಇಲ್ಲ ಮೇಡಂ" ಅಂದರು. ಹೀಗೆ ಶುರುವಾಗುವ ಮಾತು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತಿಲ್ಲ. "ಅತ್ತೆ ಮಲಗಿದ್ದಲ್ಲೇ ಅಲ್ವಾ, ಬೆಳಿಗ್ಗೆ ಐದಕ್ಕೇ ಅವ್ರದ್ದೆಲ್ಲ ಆಗ್ಬೇಕು. ಒಂದು ಕೈಲಿ ಬಟ್ಟೆ, ಇನ್ನೊಂದು ಕೈಲಿ ಫೋನು. ಎದ್ದೇನಪ್ಪಾ ಅಂತ ಆ ಹುಡುಗನ್ನ ಕೇಳ್ತಿದ್ರೆ ಅತ್ತೆ ಯಾರ ಜೊತೆ ಮಾತು ಅಂತಾರೆ. ನೀವು ಅವತ್ತು ಆ ಒಂದು ಮಗೂಗೆ..."

ಅಲ್ಲಿಗೇ ನಿಲ್ಲಿಸಿದರು. ಡಬ್ಬಿ ತೆಗೆದು ನನ್ನ ತಟ್ಟೆಗೆ ಚಟ್ನಿಪುಡಿ ಹಾಕಿದರು. ತಿಂದೆ. ಚೆನ್ನಾಗಿತ್ತು, ಅದಕ್ಕೇ ಇನ್ನೂ ಕಷ್ಟವಾಯಿತು.

ಅವರಿಗೆ ಹೇಳದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ನಿನ್ನೆ ಕ್ಲಾಸಿನಲ್ಲಿ ಅದೇ ಕ್ರಿಕೆಟ್ ಹುಡುಗ, "ಮಿಸ್, ನೀವು ಫೋನ್ ಮಾಡ್ದಾಗ ಎದ್ದು ಲೈಟ್ ಹಾಕ್ತೀನಿ, ಆಮೇಲೆ ಲೈಟಲ್ಲೇ ಮಲಗ್ತೀನಿ" ಅಂದ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಆದರೆ ಒಳಗೆ ಒಂದು ದನಿ, ನನ್ನದೇ, 'ಫೇಲಾಗಲಿ, ಆಗ ಗೊತ್ತಾಗುತ್ತೆ' ಅಂದಿತು. ಒಂದೇ ಕ್ಷಣ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾವ ಮಗುವಿಗೂ ಹಾಗಂದುಕೊಂಡವಳಲ್ಲ. ನಿದ್ದೆ ಕೆಟ್ಟಿದ್ದಕ್ಕೆ ಬೇಸರವಿಲ್ಲ. ಕೆಟ್ಟ ನಿದ್ದೆಯನ್ನೆಲ್ಲ ಆ ಮಕ್ಕಳ ಲೆಕ್ಕಕ್ಕೆ ಬರೆಯುತ್ತಾ ಬಂದಿದ್ದೀನಲ್ಲ, ಅದಕ್ಕೆ. ಪುಸ್ತಕದಲ್ಲಿ ಇಲ್ಲದ ಕಾಲಂ.

ಸಂಜೆ ಬಸ್ಸಿನಲ್ಲಿ ಬರ್ನ್‌ಔಟ್, ಅಂದರೆ ದುಡಿದು ದುಡಿದು ಒಳಗೇ ಬತ್ತಿಹೋಗುವುದು, ಅಂತ ಹುಡುಕಿ ಓದಿದೆ. 1974ರಲ್ಲಿ ಅದರ ಬಗ್ಗೆ ಬರೆದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನೋ ಮನಃಶಾಸ್ತ್ರಜ್ಞ ಅದನ್ನು ಕಂಡಿದ್ದು ಯಾವುದೋ ಫ್ಯಾಕ್ಟರಿಯಲ್ಲಲ್ಲವಂತೆ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ, ತಾವಾಗೇ ಬಂದು ದುಡಿಯುತ್ತಿದ್ದವರಲ್ಲಿ. ಹಗಲು ತನ್ನ ಕೆಲಸ, ರಾತ್ರಿ ಅಲ್ಲಿ, ಹೀಗೆ ಆತನೂ ಸೋತು ಮಲಗಿದವನೇ. ಯಾರೂ ಬಲವಂತ ಮಾಡದ ಜನ! ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದು ಕಾಯಿಲೆಯಲ್ಲ, ಕೆಲಸದಿಂದ ಬರುವ ಸ್ಥಿತಿ ಅಂದು ಮೂರು ಲಕ್ಷಣ ಕೊಟ್ಟಿದೆ. ದಣಿವು ಒಂದು, ಕೆಲಸ ಕೈಗೆ ಹತ್ತದಿರುವುದು ಇನ್ನೊಂದು. ಅವೆರಡರ ನಡುವೆ, ಮಾಡುವ ಕೆಲಸದ ಮೇಲೇ ಮನಸ್ಸು ಕಹಿಯಾಗಿ ದೂರ ಸರಿಯುವುದು. ಅದನ್ನು ಓದುವಾಗ ಆ ಲೈಟು ಕಂಡಿತು, ಲೈಟಲ್ಲೇ ಮಲಗಿದ ಹುಡುಗ ಕಂಡ. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಇಳಿದೆ.

ಗ್ಯಾಸ್ ಬುಕ್ ಮಾಡಬೇಕಿತ್ತು, ಮರೆತೆ.

ಮಾರ್ಚ್ 21ಕ್ಕೆ ಪರೀಕ್ಷೆ ಶುರು, 24ಕ್ಕೆ ಗಣಿತ. ತ್ರಿಭುಜದ ಥೇಲ್ಸ್ ಪ್ರಮೇಯ ಇನ್ನೂ ಹನ್ನೊಂದು ಮಕ್ಕಳ ತಲೆಗೆ ಹೋಗಿಲ್ಲ. ಈಗ ನಿಲ್ಲಿಸಿದರೆ ನಡುನೀರಲ್ಲಿ ಕೈಬಿಟ್ಟ ಹಾಗೆ. ಹೋದ ವರ್ಷವೂ ಫೆಬ್ರವರಿಯಲ್ಲಿ ಹೀಗೇ ಅಂದುಕೊಂಡಿದ್ದೆ.

ಇನ್ನೊಂದು ಬರೆಯಲೋ ಬೇಡವೋ. ಅಡುಗೆ ಮಾಡುತ್ತಾ ಹಿಂದಿ ಮೇಡಂಗೆ ಮೆಸೇಜ್ ಹಾಕಿಬಿಟ್ಟೆ: 'ನಿಮ್ಮ ಎಂಟು ಮಕ್ಕಳನ್ನೂ ನಾಳೆಯಿಂದ ನಾನೇ ಎಬ್ಬಿಸ್ತೀನಿ, ನೀವು ಅತ್ತೆಯನ್ನ ನೋಡಿಕೊಳ್ಳಿ.' ಒಗ್ಗರಣೆ ಸಿಡಿಯುವಷ್ಟರಲ್ಲಿ ಕಳಿಸಿಯೂ ಆಗಿತ್ತು. ಎರಡು ನೀಲಿ ಟಿಕ್ ಬಂದು ಎರಡು ಗಂಟೆಯಾಯಿತು, ಉತ್ತರವಿಲ್ಲ. ಹದಿನಾರು ಮಕ್ಕಳಾದರೆ ಅಲಾರಂ ನಾಲ್ಕೂ ಮುಕ್ಕಾಲಿಗೆ ಇಡಬೇಕು, ಇಲ್ಲಾ ನಾಲ್ಕೂವರೆಗೇ