ಹಾಲು ಕಟ್ಟಿದ ಎದೆಗೆ ಗಟ್ಟಿ ಕೈ ಬೇಡ

ಹೆರಿಗೆಯಾದ ಮೂರನೇ ದಿನದಿಂದ ಐದನೇ ದಿನದೊಳಗೆ ಬಹಳಷ್ಟು ಬಾಣಂತಿಯರಿಗೆ ಹಾಲು ಕಟ್ಟುತ್ತದೆ. ಬೆಳಗ್ಗೆ ಮೆತ್ತಗಿದ್ದ ಎದೆ ಸಂಜೆಯ ಹೊತ್ತಿಗೆ ಬಿಗಿದು, ಚರ್ಮ ಹೊಳೆಯುವಷ್ಟು ಹಿಗ್ಗಿ, ತೋಳು ಎತ್ತಿದರೆ ಕಂಕುಳವರೆಗೂ ನೋವು ಎಳೆಯುತ್ತದೆ. ಆಗ ನಮ್ಮ ಕಡೆ ಮನೆಗಳಲ್ಲಿ ಮಾಡುವುದು ಸಾಮಾನ್ಯವಾಗಿ ಎರಡು ಕೆಲಸ. ಹಂಡೆಯ ಬಿಸಿನೀರನ್ನು ಎದೆಯ ಮೇಲೆ ಹೊಯ್ಯುವುದು, ಎಣ್ಣೆ ಹಚ್ಚಿ ಗಂಟು ಕರಗುವ ತನಕ ತಿಕ್ಕುವುದು. ಎರಡನ್ನೂ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎರಡರಿಂದಲೂ ಊತ ಇನ್ನಷ್ಟು ಹೆಚ್ಚುತ್ತದೆ.

ಆ ಬಿಗಿತದಲ್ಲಿ ಇರುವುದು ಹಾಲು ಮಾತ್ರವಲ್ಲ. ಹಾಲು ಇಳಿಯುವ ಆ ದಿನಗಳಲ್ಲಿ ಎದೆಗೆ ರಕ್ತ ಹೆಚ್ಚು ಹರಿಯುತ್ತದೆ, ರಕ್ತನಾಳಗಳಿಂದ ನೀರಿನಂಶ ಸುತ್ತಲಿನ ಮಾಂಸಕ್ಕೆ ಜಿನುಗಿ ನಿಲ್ಲುತ್ತದೆ. ಸಿಸೇರಿಯನ್ ಆದವರಿಗೆ, ಹೆರಿಗೆ ಹೊತ್ತಿನಲ್ಲಿ ಡ್ರಿಪ್ ಬಾಟಲಿ ಹೆಚ್ಚು ಏರಿಸಿಕೊಂಡವರಿಗೆ ಈ ನೀರಿನ ಊತ ಜಾಸ್ತಿ. ಕಾಲು ಊದಿಕೊಂಡಿದ್ದರೆ ಎದೆಯೂ ಹಾಗೆಯೇ ಊದಿರುತ್ತದೆ ಎಂದುಕೊಳ್ಳಿ. ಹಾಲಿನ ನಾಳಗಳು ಸುಮಾರು 2 ಮಿಲಿಮೀಟರ್ ಅಗಲದವು, ಮೆತ್ತನೆಯವು, ಕವಲೊಡೆದು ಹರಡಿರುವವು. ಸುತ್ತ ಊತ ಬಂದಾಗ ಹೊರಗಿನ ಒತ್ತಡಕ್ಕೇ ಅವು ಮುಚ್ಚಿಕೊಳ್ಳುತ್ತವೆ. ಬಚ್ಚಲ ಪೈಪಿನಲ್ಲಿ ಕಸ ಸಿಕ್ಕಿಕೊಂಡ ಹಾಗೆ ಒಳಗೇನೋ ಅಡ್ಡ ನಿಂತಿದೆ, ಒತ್ತಿ ತಳ್ಳಿದರೆ ಆಚೆ ಬರುತ್ತದೆ ಎಂದುಕೊಂಡು ಬೆರಳೂರಿ ತಿಕ್ಕಿದರೆ ಸಣ್ಣ ರಕ್ತನಾಳಗಳು ಒಡೆಯುತ್ತವೆ, ಮಾಂಸಕ್ಕೆ ಪೆಟ್ಟಾಗುತ್ತದೆ, ಊತ ಏರುತ್ತದೆ, ನಾಳ ಇನ್ನೂ ಬಿಗಿಯುತ್ತದೆ. ಹಾಗೆ ತಿಕ್ಕಿಸಿಕೊಂಡ ಎದೆಯಲ್ಲಿ ಕೀವು ಕಟ್ಟುವ ಅಪಾಯವೂ ಹೆಚ್ಚು. ಹಾಲುಣಿಸುವ ವಿಷಯದಲ್ಲಿ ಕೆಲಸ ಮಾಡುವ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ತನ್ನ ಮಾರ್ಗಸೂಚಿಯನ್ನು ಬದಲಿಸಿ, ಗಟ್ಟಿಯಾಗಿ ಮಸಾಜ್ ಮಾಡಬೇಡಿ, ಎದೆಯನ್ನು ಖಾಲಿ ಮಾಡಲೇಬೇಕೆಂದು ಮೇಲಿಂದ ಮೇಲೆ ಹಿಂಡಬೇಡಿ, ತಂಪು ಕೊಡಿ ಎಂದು ಹೇಳಿದ್ದು ಇದೇ ಕಾರಣಕ್ಕೆ. ಅದಕ್ಕೂ ಮೊದಲು ಆಸ್ಪತ್ರೆಗಳಲ್ಲೂ ಬಿಸಿ ಕಾವು ಕೊಡಿ, ಚೆನ್ನಾಗಿ ಉಜ್ಜಿ ಎಂದೇ ಹೇಳುತ್ತಿದ್ದರು. ಹಾಗಾಗಿ ಅಜ್ಜಿ, ಅಮ್ಮ, ಅತ್ತೆಯವರನ್ನು ದೂರಬೇಕಾದದ್ದೇನೂ ಇಲ್ಲ.

ಇದರಲ್ಲಿ ಮೊದಲು ತೊಂದರೆಗೆ ಸಿಕ್ಕುವುದು ಕೂಸು. ತೊಟ್ಟಿನ ಸುತ್ತಲ ಕಪ್ಪು ಭಾಗ ಬಿಗಿದುಕೊಂಡರೆ ಅದರ ಬಾಯಿಗೆ ಹಿಡಿತ ಸಿಗುವುದಿಲ್ಲ. ಬರೀ ತೊಟ್ಟಿನ ತುದಿಯನ್ನು ಚೀಪುತ್ತದೆ, ತೊಟ್ಟು ಬಿರಿಯುತ್ತದೆ, ಹಾಲು ಮಾತ್ರ ಬರುವುದಿಲ್ಲ. ಆದ್ದರಿಂದ ಮೊದಲು ಮೆತ್ತಗಾಗಬೇಕಾದದ್ದು ಇಡೀ ಎದೆಯಲ್ಲ, ಆ ಕಪ್ಪು ಭಾಗ. ಅದಕ್ಕೆ ಅಮೆರಿಕದ ನರ್ಸ್, ಹಾಲುಣಿಸುವ ಸಲಹೆಗಾರ್ತಿ ಜೀನ್ ಕಾಟರ್‌ಮನ್ 2004ರಲ್ಲಿ ಬರೆದು ತಿಳಿಸಿದ ಒಂದು ಸುಲಭ ಉಪಾಯವಿದೆ. ಉಗುರು ಕತ್ತರಿಸಿ ಕೈ ತೊಳೆದುಕೊಳ್ಳಿ. ದಿಂಬಿಗೆ ಒರಗಿ ಮಲಗಿದರೆ ಒಳ್ಳೆಯದು, ನೀರಿನ ಊತ ಹಿಂದಕ್ಕೆ ಸರಿಯಲು ಅನುಕೂಲವಾಗುತ್ತದೆ. ಎರಡೂ ಕೈಗಳ ಬೆರಳ ತುದಿಗಳನ್ನು ತೊಟ್ಟಿನ ಬುಡಕ್ಕೆ ತಾಗುವಂತೆ ಸುತ್ತ ಇಟ್ಟು, ಎದೆಗೂಡಿನ ಕಡೆಗೆ ನೇರವಾಗಿ ಒಳಕ್ಕೆ ಒತ್ತಿ ಹಿಡಿಯಿರಿ. ತಿಕ್ಕಬಾರದು, ಜಾರಿಸಬಾರದು, ಸುಮ್ಮನೆ ಹಿಡಿಯಬೇಕು. ಒಂದು ನಿಮಿಷ ಸಾಕು, ಊತ ಜಾಸ್ತಿಯಿದ್ದರೆ ಮೂರು ನಿಮಿಷದವರೆಗೆ. ಬೆರಳು ತೆಗೆದಾಗ ಆ ಜಾಗದಲ್ಲಿ ಸಣ್ಣ ಗುಳಿಗಳು ಕಾಣುತ್ತವೆ. ಊತ ಹಿಂದೆ ಸರಿದಿದೆ ಎಂಬುದಕ್ಕೆ ಅದೇ ಗುರುತು. ಬೆರಳಿನ ಜಾಗ ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಮಾಡಿ, ಕೂಡಲೇ ಮಗುವಿಗೆ ಹಿಡಿಸಿ. ತಡಮಾಡಿದರೆ ಐದು ಹತ್ತು ನಿಮಿಷದಲ್ಲಿ ಊತ ಮತ್ತೆ ಮುಂದಕ್ಕೆ ಬರುತ್ತದೆ. ನೋವಾದರೆ ಒತ್ತಡ ಹೆಚ್ಚಾಗಿದೆ ಎಂದರ್ಥ, ಕಡಿಮೆ ಮಾಡಿ ಹೊತ್ತು ಹೆಚ್ಚಿಸಿ.

ಹಾಗಾದರೆ ಬಿಸಿ ಬೇಡವೇ ಬೇಡವೇ? ಬೇಕು, ಆದರೆ ಹಾಲುಣಿಸುವ ಮುಂಚೆ ಮಾತ್ರ, ಅದೂ ಎರಡು ಮೂರು ನಿಮಿಷ. ಬೆಚ್ಚಗಾದಾಗ ಮೈ ಸಡಿಲಾಗಿ ಹಾಲು ಇಳಿಯಲು ಸಹಾಯವಾಗುತ್ತದೆ. ಅದೇ ಬಿಸಿಯನ್ನು ಕಾಲು ಗಂಟೆ ಕೊಟ್ಟರೆ ರಕ್ತನಾಳಗಳು ಹಿಗ್ಗಿ ಊತಕ್ಕೆ ಇನ್ನಷ್ಟು ನೀರು ಸೇರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಟವೆಲ್ ಅದ್ದಿ ಹಿಂಡಿ, ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ ಹಾಕಬೇಕು. ಬಿಗಿದ ಚರ್ಮಕ್ಕೆ ಬಿಸಿಯ ಅಂದಾಜು ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಬಿಸಿನೀರಿನ ಚೀಲವನ್ನು ನೇರವಾಗಿ ಇಟ್ಟು ಬೊಬ್ಬೆ ಬರಿಸಿಕೊಳ್ಳುವವರಿದ್ದಾರೆ. ಬಾಣಂತಿ ಸ್ನಾನದ ನೀರು ಬೆನ್ನಿಗೆ, ಸೊಂಟಕ್ಕೆ ಎಷ್ಟು ಬೇಕಾದರೂ ಇರಲಿ. ಎದೆಯ ಮೇಲೆ ಎತ್ತರದಿಂದ ರಭಸವಾಗಿ ಎರಚುವುದು ಬೇಡ. ಎದೆ ಕೆಂಪಾಗಿದ್ದರೆ, ಜ್ವರವಿದ್ದರೆ ಬಿಸಿ ಪೂರ್ತಿ ಬಿಟ್ಟುಬಿಡಿ.

ತಂಪಿನ ಸರದಿ ಹಾಲುಣಿಸಿದ ಮೇಲೆ. ಐಸ್ ತುಂಡುಗಳನ್ನು ಸ್ವಲ್ಪ ನೀರಿನ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತೊಟ್ಟನ್ನು ಬಿಟ್ಟು ಉಳಿದ ಭಾಗದ ಮೇಲೆ ಹತ್ತರಿಂದ ಹದಿನೈದು ನಿಮಿಷ ಇಡಿ. ನೀರು ಸೇರಿಸಿದರೆ ಚೀಲ ಎದೆಯ ಆಕಾರಕ್ಕೆ ಒಗ್ಗುತ್ತದೆ, ಬರೀ ಐಸ್ ಚುಚ್ಚುತ್ತದೆ. ಮಗುವಿನ ಡೈಪರ್ ಅನ್ನು ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟರೂ ಆಗುತ್ತದೆ, ಎದೆಯ ಸುತ್ತ ಚೆನ್ನಾಗಿ ಬಳಸಿಕೊಳ್ಳುತ್ತದೆ, ಆದರೆ ಅದಕ್ಕೂ ನಡುವೆ ಬಟ್ಟೆ ಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಮಡಕೆಯ ನೀರಿಗೆ ಬಟ್ಟೆ ಅದ್ದಿ ಹಿಂಡಿ ಹಾಕಿ, ಬೆಚ್ಚಗಾದಂತೆ ಬದಲಿಸಿ. ಗಂಟೆಗೊಮ್ಮೆ ಬೇಕಾದರೂ ಮಾಡಬಹುದು.

ಇಲ್ಲಿಯೇ ಮನೆಯಲ್ಲಿ ಮಾತು ಬೆಳೆಯುತ್ತದೆ. ಬಾಣಂತಿಗೆ ಥಂಡಿ ಮುಟ್ಟಿಸುವುದೇ? ಹಾಲು ಶೀತವಾಗಿ ಮಗುವಿಗೆ ನೆಗಡಿ ಬಂದರೆ? ಹಾಲು ಇರುವುದು ತಾಯಿಯ ಮೈಯ ಬಿಸಿಯಲ್ಲಿ. ಚರ್ಮದ ಮೇಲೆ ಹತ್ತು ನಿಮಿಷ ತಂಪು ಇಟ್ಟರೆ ಮಗುವಿನ ಬಾಯಿಗೆ ಹೋಗುವ ಹಾಲು ತಣ್ಣಗಾಗುವುದಿಲ್ಲ. ಮಗುವಿಗೆ ನೆಗಡಿ ಬರುವುದು ಮನೆಗೆ ಬಂದುಹೋಗುವವರ ಕೆಮ್ಮು, ಸೀನಿನಿಂದ. ಹಿರಿಯರಿಗೆ ಇದನ್ನು ಹೇಳುವಾಗ ಒಂದು ದಾರಿಯಿದೆ: ತಲೆಗೆ ಸ್ಕಾರ್ಫ್, ಕಾಲಿಗೆ ಸಾಕ್ಸ್, ಹೊದಿಕೆ ಎಲ್ಲ ಹಾಗೇ ಇರಲಿ, ಎದೆಗೆ ಮಾತ್ರ ಹತ್ತು ನಿಮಿಷ ತಂಪು. ಇಷ್ಟಕ್ಕೆ ಬಹಳಷ್ಟು ಅಮ್ಮಂದಿರು, ಅತ್ತೆಯವರು ಒಪ್ಪುತ್ತಾರೆ.

ಫ್ರಿಜ್ಜಿನಲ್ಲಿಟ್ಟ ಎಲೆಕೋಸಿನ ಎಲೆಯಿಂದಲೂ ನೋವು ಇಳಿಯುತ್ತದೆಂದು ಹೇಳುತ್ತಾರೆ. ಇದಕ್ಕಿರುವ ಆಧಾರ ಗಟ್ಟಿಯಿಲ್ಲ, ತಂಪಿನಿಂದಲೇ ಅರ್ಧ ಕೆಲಸ ಆಗುತ್ತಿರಬಹುದು. ಹಾಕುವುದಾದರೆ ಔಷಧಿ ಸಿಂಪಡಿಸಿದ ಅಂಶ ಹೋಗುವಂತೆ ಚೆನ್ನಾಗಿ ತೊಳೆದು, ಚರ್ಮ ಒಡೆದ ಜಾಗಕ್ಕೆ ತಾಗದಂತೆ ಹಾಕಿ.

ಇನ್ನು ಕೈಯ ವಿಷಯ. ಎದೆಯ ನೀರಿನ ಊತ ಹರಿದುಹೋಗುವುದು ಚರ್ಮದ ಕೆಳಗೇ ಇರುವ ದುಗ್ಧರಸ ನಾಳಗಳ (ಲಿಂಫ್ ನಾಳಗಳು, ಹಾಲಿನ ನಾಳಗಳಲ್ಲ) ಮೂಲಕ, ಕಂಕುಳು ಮತ್ತು ಕೊರಳೆಲುಬಿನ ಕಡೆಗೆ. ಇವು ಎಷ್ಟು ಸೂಕ್ಷ್ಮವೆಂದರೆ ಗಟ್ಟಿಯಾಗಿ ಒತ್ತಿದರೆ ಮುಚ್ಚಿಹೋಗುತ್ತವೆ. ಹಾಗಾಗಿ ಅಂಗಾತ ಮಲಗಿ, ಮೊದಲು ದಾರಿ ತೆರವು ಮಾಡಬೇಕು. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳ ತುದಿಯಿಂದ ಹತ್ತು ಸಣ್ಣ ಸುತ್ತು, ಆಮೇಲೆ ಕಂಕುಳಲ್ಲಿ ಹತ್ತು ಸುತ್ತು. ಅದಾದ ಮೇಲೆ ಅಂಗೈಯನ್ನು ಚಪ್ಪಟೆಯಾಗಿಟ್ಟು ಕಪ್ಪು ಭಾಗದ ಅಂಚಿನಿಂದ ಕಂಕುಳಿನ ಕಡೆಗೆ, ಕೊರಳೆಲುಬಿನ ಕಡೆಗೆ ನಿಧಾನವಾಗಿ ಸವರಿ. ಚರ್ಮ ಮಾತ್ರ ಅಲುಗಬೇಕು, ಕೆಳಗಿನ ಗಂಟು ಕೈಗೆ ಸಿಗಬಾರದು. ಸಿಕ್ಕಿತೆಂದರೆ ಒತ್ತಡ ಜಾಸ್ತಿಯಾಯಿತು. ತೊಟ್ಟಿನ ಕಡೆಗೆ ತಳ್ಳುವ ಅಭ್ಯಾಸ ಎಲ್ಲರಿಗೂ ಇದೆ, ಇಲ್ಲಿ ದಿಕ್ಕು ಅದಕ್ಕೆ ವಿರುದ್ಧ. ಕೈ ಜಾರಲು ಎರಡು ಹನಿ ಕೊಬ್ಬರಿ ಎಣ್ಣೆ ಸಾಕು, ಆದರೆ ಕಪ್ಪು ಭಾಗಕ್ಕೆ ತಾಗಿದ್ದರೆ ಒರೆಸಿಬಿಡಿ, ಇಲ್ಲವಾದರೆ ಮಗುವಿನ ಬಾಯಿ ಜಾರುತ್ತದೆ. ಐದು ನಿಮಿಷದೊಳಗೆ ಮುಗಿಯುವ ಕೆಲಸವಿದು.

ಮನೆಯಲ್ಲಿ ಬಲವಾದ ಕೈಯಿದ್ದರೆ ಅದಕ್ಕೆ ಬೆನ್ನು ಇದೆ. ಬಾಣಂತಿ ಮೇಜಿನ ಮೇಲೆ ತೋಳು ಮಡಚಿ ತಲೆಯಿಟ್ಟು ಮುಂದಕ್ಕೆ ಬಾಗಿ ಕೂರಲಿ, ಎದೆ ಸಡಿಲವಾಗಿ ಇಳಿಬಿದ್ದಿರಲಿ. ಹಿಂದೆ ನಿಂತವರು ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಮುಂದೆ ಚಾಚಿ, ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಕತ್ತಿನಿಂದ ಹೆಗಲೆಲುಬಿನವರೆಗೆ ಸಣ್ಣ ಸುತ್ತುಗಳಲ್ಲಿ ಒತ್ತುತ್ತಾ ಇಳಿಯಬೇಕು. ಎರಡು ಮೂರು ನಿಮಿಷ ಮಾಡುವಷ್ಟರಲ್ಲಿ ಎಷ್ಟೋ ಸಲ ಹಾಲು ತಾನಾಗಿ ತೊಟ್ಟಿಕ್ಕುತ್ತದೆ. ಹಾಲು ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ನೋವು, ಗಾಬರಿಯಿದ್ದಾಗ ಸರಿಯಾಗಿ ಹರಿಯುವುದಿಲ್ಲ, ನಿರಾಳವಾದಾಗ ಹರಿಯುತ್ತದೆ. ಗಂಡ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಉಪಯೋಗದ್ದು ಕಡಿಮೆ.

ಮಗು ಕುಡಿದ ಮೇಲೂ ಬಿಗಿತವಿದ್ದರೆ ಕೈಯಿಂದ ಸ್ವಲ್ಪ ಹಾಲು ತೆಗೆಯಿರಿ. ತೊಟ್ಟಿನಿಂದ ಸುಮಾರು ಮೂರು ಸೆಂಟಿಮೀಟರ್ ಹಿಂದೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಕೂಡಿಸಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು. ತೊಟ್ಟನ್ನು ಹಿಡಿದು ಎಳೆದರೆ ಹಾಲಿಗಿಂತ ಮೊದಲು ನೋವು ಬರುತ್ತದೆ. ಬಿಗಿತ ಸಡಿಲವಾಗಿ ಹಾಯೆನಿಸಿದ ಕೂಡಲೇ ನಿಲ್ಲಿಸಿ, ಒಂದೆರಡು ಚಮಚ ಬಂದರೂ ಸಾಕಾಗಬಹುದು. ಬಂದ ಹಾಲನ್ನು ಶುಚಿಯಾದ ಒಳಲೆಯಲ್ಲಿ ಮಗುವಿಗೇ ಕುಡಿಸಿ. ಪಂಪ್ ಹಾಕಿ ಕೊನೆಯ ಹನಿಯವರೆಗೂ ತೆಗೆದರೆ ಮೈ ಅದನ್ನು ಬೇಡಿಕೆ ಎಂದು ತಿಳಿದು ಮರುದಿನ ಇನ್ನೂ ಹೆಚ್ಚು ಹಾಲು ಮಾಡುತ್ತದೆ, ಮತ್ತೆ ಅದೇ ಬಿಗಿತ. ಒಂದೇ ಕಡೆ ಗಂಟು ಬಂದಾಗಲೂ ಇದೇ ನಿಯಮ: ಮಗು ಕೇಳಿದಷ್ಟು ಕುಡಿಸಿ, ತಂಪು, ಹಗುರ ಕೈ. ಗಂಟಿನ ಮೇಲೆ ಬಾಚಣಿಗೆ ಎಳೆಯುವುದು, ಮಸಾಜ್ ಮೆಷಿನ್ ಇಡುವುದು ಬೇಡ. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡನ್ನೂ ಹಾಲುಣಿಸುವವರು ತೆಗೆದುಕೊಳ್ಳಬಹುದು, ಪ್ರಮಾಣವನ್ನು ಡಾಕ್ಟರನ್ನು ಕೇಳಿಕೊಳ್ಳಿ. ಒಂದೆರಡು ವಾರ ಕಳೆದರೂ ಹೋಗದ ಗಂಟನ್ನು ಸ್ಕ್ಯಾನ್ ಮಾಡಿಸಲೇಬೇಕು.

101 ಡಿಗ್ರಿ ದಾಟಿದ ಜ್ವರ, ನಡುಕ, ಎದೆಯ ಒಂದು ಭಾಗ ಕೆಂಪಾಗಿ ಸುಡುವುದು, ಮೈಕೈ ನೋವು ಇದ್ದರೆ ಅದು ಎದೆಯ ಬಾವು. 24 ಗಂಟೆಯಲ್ಲಿ ಇಳಿಯದಿದ್ದರೆ, ಅಥವಾ ತುಂಬಾ ಸುಸ್ತಾಗಿದ್ದರೆ ಅದಕ್ಕೂ ಮೊದಲೇ, ಆಸ್ಪತ್ರೆಗೆ ಹೋಗಿ. ಆಂಟಿಬಯೋಟಿಕ್ ಕೊಟ್ಟರೆ ಜ್ವರ ಬಿಟ್ಟ ದಿನವೇ ನಿಲ್ಲಿಸದೆ ಪೂರ್ತಿ ಮುಗಿಸಿ. ಆ ಎದೆಯ ಹಾಲು ಕೆಟ್ಟಿದೆ ಎಂದು ಮಗುವನ್ನು ದೂರ ಇಡುವುದು ದೊಡ್ಡ ತಪ್ಪು. ಆ ಹಾಲು ಮಗುವಿಗೆ ಹಾನಿಯಲ್ಲ, ಇದ್ದಕ್ಕಿದ್ದಂತೆ ಕುಡಿಸುವುದನ್ನು ನಿಲ್ಲಿಸಿದರೆ ಬಾವು ಹೆಚ್ಚುತ್ತದೆ. ಗಂಟು ಮೆತ್ತಗಾಗಿ ಒಳಗೆ ದ್ರವ ತುಳುಕಿದಂತೆ ಅನಿಸಿದರೆ ಕೀವು ಕಟ್ಟಿರಬಹುದು. ಅದನ್ನು ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ತೆಗೆಯುತ್ತಾರೆ. ಒತ್ತಿ ಒಡೆಯುವ ಕೆಲಸ ಯಾರ ಕೈಗೂ ಬಿಡಬೇಡಿ.

ತಂಪಿನ ನಿಯಮಕ್ಕೆ ಒಂದು ವಿನಾಯಿತಿ ಉಂಟು. ಮಗು ಕುಡಿದು ಬಾಯಿಂದ ಬಿಟ್ಟ ಕೂಡಲೇ ತೊಟ್ಟು ಬೆಳ್ಳಗಾಗಿ, ಆಮೇಲೆ ನೀಲಿ, ಕೆಂಪು ಬಣ್ಣಕ್ಕೆ ತಿರುಗಿ ಉರಿ ಕಿತ್ತು ಬರುತ್ತಿದ್ದರೆ ಅಲ್ಲಿ ರಕ್ತನಾಳ ಸೆಟೆದುಕೊಂಡಿದೆ. ಕೊಡಗು, ಚಿಕ್ಕಮಗಳೂರಿನ ಚಳಿಯಲ್ಲಿ, ಬೆಂಗಳೂರಿನ ಎಸಿ ಆಫೀಸಿನಲ್ಲಿ ಇದು ಹೆಚ್ಚು ಕಾಡುತ್ತದೆ. ಇದಕ್ಕೆ ಐಸ್ ಮುಟ್ಟಿಸಲೇಬಾರದು. ಮಗು ಬಿಟ್ಟೊಡನೆ ಒಣ ಬೆಚ್ಚಗಿನ ಬಟ್ಟೆಯಿಂದ ಮುಚ್ಚಿ, ಒದ್ದೆಯಾದ ಬ್ರಾ ಪ್ಯಾಡ್ ತಕ್ಷಣ ಬದಲಿಸಿ, ಮಗುವಿನ ಬಾಯಿಯ ಹಿಡಿತ ಸರಿಯಿದೆಯೇ ಎಂದು ನೋಡಿಸಿ.

ಕೊನೆಯದಾಗಿ, ಹಾಲು ನಿಲ್ಲಿಸಲೇಬೇಕಾದ ತಾಯಂದಿರ ವಿಷಯ. ಮಗು ಕಳೆದುಕೊಂಡವರಿಗೂ ಮೂರನೇ ದಿನ ಹಾಲು ಬಂದೇ ಬರುತ್ತದೆ, ಆದರೆ ಅವರಿಗೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ದಕ್ಷಿಣ ಭಾರತದಲ್ಲಿ ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುವ ಪದ್ಧತಿಯಿದೆ. ವೆಲ್ಲೂರಿನ ವೈದ್ಯರು ಇದನ್ನು ಹಾಲು ಬತ್ತಿಸುವ ಬ್ರೋಮೋಕ್ರಿಪ್ಟೀನ್ ಮಾತ್ರೆಯ ಜೊತೆ ಹೋಲಿಸಿ ನೋಡಿ, ಹೂವಿನಿಂದಲೂ ಹಾಲು ಕಡಿಮೆಯಾಗುತ್ತದೆಂದು 1988ರಲ್ಲಿ ಪ್ರಕಟಿಸಿದರು. ಹಾಲುಣಿಸುವವರು ಬಿಗಿತಕ್ಕೆಂದು ಮಲ್ಲಿಗೆ ಕಟ್ಟಿಕೊಳ್ಳಬಾರದು ಎನ್ನುವುದಕ್ಕೂ ಇದೇ ಕಾರಣ. ಹಾಲು ನಿಲ್ಲಿಸುವವರು ಬಟ್ಟೆಯಿಂದ ಬಿಗಿದು ಕಟ್ಟಬೇಡಿ, ಅದರಿಂದ ಗಂಟುಗಳಾಗುತ್ತವೆ. ಮೆತ್ತನೆಯ ಆಧಾರ ಕೊಡುವ ಬ್ರಾ, ದಿನಕ್ಕೆ ಹಲವು ಸಲ ತಂಪು, ತಡೆಯಲಾರದಷ್ಟು ಬಿಗಿದಾಗ ಮಾತ್ರ ಒಂದೆರಡು ಚಮಚ ಹಿಂಡುವುದು. ಕ್ಯಾಬರ್ಗೋಲಿನ್ ಎಂಬ ಮಾತ್ರೆಯೂ ಇದೆ. ಗರ್ಭಿಣಿಯಾಗಿದ್ದಾಗ ಬಿಪಿ ಏರಿದ್ದವರಿಗೆ ಅದನ್ನು ಕೊಡುವುದಿಲ್ಲ, ಆದ್ದರಿಂದ ಬರೆಸಿಕೊಳ್ಳುವ ಮೊದಲು ತಾಯಿ ಕಾರ್ಡನ್ನು ಡಾಕ್ಟರಿಗೆ ತೋರಿಸಿ.