ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ನಾನು ಕೇಳುವ ಮರುಪ್ರಶ್ನೆ

ಪ್ರೋಗ್ರಾಮಿಂಗ್ ಕಲಿಯುತ್ತಿರುವವರು, ಹೊಸದಾಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕೈಯಲ್ಲಿ ಇಷ್ಟು ಹಣವಿದೆ, ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ? ಉತ್ತರ ಹೇಳುವ ಬದಲು ನಾನು ಮರುಪ್ರಶ್ನೆ ಹಾಕುತ್ತೇನೆಂದು ಕೆಲವರಿಗೆ ಬೇಸರವೂ ಇದೆ. ಆದರೆ ನೀವು ಬರೆಯುವ ಪ್ರೋಗ್ರಾಂ ಕೊನೆಗೆ ಎಲ್ಲಿ ಓಡಬೇಕು ಎಂಬುದು ಗೊತ್ತಾಗದೆ ಯಂತ್ರವನ್ನಾಗಲಿ, ಅದರಲ್ಲಿ ಹಾಕಿಕೊಳ್ಳುವ ಟೂಲ್‌ಗಳನ್ನಾಗಲಿ ಆರಿಸಲು ಆಧಾರವೇ ಇರುವುದಿಲ್ಲ. ಹೆಚ್ಚಿನವರು ಮೊದಲು ಯಂತ್ರ ಕೊಂಡು, ಆಮೇಲೆ ಅದರಲ್ಲಿ ಏನೆಲ್ಲ ಸಾಧ್ಯ ಎಂದು ಹುಡುಕುತ್ತಾರೆ.

ಐಫೋನ್ ಆಪ್ ಬರೆಯುವವರಿಗೆ ಹೆಚ್ಚು ಆಯ್ಕೆಯಿಲ್ಲ. ಅದಕ್ಕೆ ಬೇಕಾದ ಆ್ಯಪಲ್‌ನ ಟೂಲ್ ಎಕ್ಸ್‌ಕೋಡ್, ಮ್ಯಾಕ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಮ್ಯಾಕ್‌ಓಎಸ್‌ನಲ್ಲಿ ಮಾತ್ರ ನಡೆಯುತ್ತದೆ. ಮ್ಯಾಕ್‌ಓಎಸ್ಅನ್ನು ವರ್ಚುವಲ್ ಮಷೀನ್‌ನಲ್ಲಿ (ಯಂತ್ರದೊಳಗೆ ತಂತ್ರಾಂಶವೇ ಸೃಷ್ಟಿಸುವ ಇನ್ನೊಂದು ಯಂತ್ರ) ನಡೆಸುವುದಾದರೂ ಆ್ಯಪಲ್ ಕಂಪನಿಯ ಯಂತ್ರದ ಮೇಲೆಯೇ ನಡೆಸಬೇಕೆಂದು ಅದರ ಪರವಾನಗಿ ಹೇಳುತ್ತದೆ. ಒಂದೇ ಕೋಡ್‌ನಿಂದ ಹಲವು ಬಗೆಯ ಆಪ್ ತಯಾರಿಸುವ ಫ್ಲಟರ್ ಬಳಸಿದರೆ ಕೋಡ್ಅನ್ನು ವಿಂಡೋಸ್‌ನಲ್ಲಿ ಬರೆಯಬಹುದು ಎಂಬುದು ನಿಜವಾದರೂ ಐಫೋನ್‌ಗಾಗಿ ಬಿಲ್ಡ್ ಮಾಡುವ, ಅಂದರೆ ಕೋಡ್‌ನಿಂದ ಆಪ್ ಕಟ್ಟುವ, ಹೊತ್ತಿಗೆ ಎಲ್ಲಿಯಾದರೂ ಒಂದು ಮ್ಯಾಕ್ ಬೇಕೇ ಬೇಕು, ಅದು ಬಾಡಿಗೆಯ ಕ್ಲೌಡ್ ಯಂತ್ರವಾದರೂ ಸರಿ. ಇದರ ಮೇಲೆ ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಸದಸ್ಯತ್ವ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಗೂಗಲ್ ಪ್ಲೇ ಕೇಳುವುದು ಒಂದೇ ಸಲ 25 ಡಾಲರ್. ವಿಂಡೋಸ್‌ನ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರ ಸ್ಥಿತಿ ಇದಕ್ಕೆ ತಿರುಗಾಮುರುಗಾ. ತಂತ್ರಾಂಶ ಬರೆಯುವ ಟೂಲ್ ಆದ ವಿಷುವಲ್ ಸ್ಟುಡಿಯೊದ ಮ್ಯಾಕ್ ಆವೃತ್ತಿಗೆ ಮೈಕ್ರೋಸಾಫ್ಟ್ 2024ರ ಆಗಸ್ಟ್‌ನಲ್ಲಿ ಬೆಂಬಲ ನಿಲ್ಲಿಸಿದ ಮೇಲೆ ಅವರು ವಿಂಡೋಸ್‌ನಲ್ಲಿಯೇ ಇರುವುದು ಲೇಸು.

ನಿಜವಾದ ಗೊಂದಲ ಇರುವುದು ಸರ್ವರ್ ಕೆಲಸ ಮಾಡುವವರಿಗೆ. ಅವರ ಪ್ರೋಗ್ರಾಂ ಓಡುವುದು ಬಹುಮಟ್ಟಿಗೆ ಲಿನಕ್ಸ್ ಮೇಲೆ, ಅವರು ಕೂತು ಬರೆಯುವುದು ಮಾತ್ರ ವಿಂಡೋಸ್ ಅಥವಾ ಮ್ಯಾಕ್ ಮೇಲೆ. ಈ ಅಂತರ ದಿನನಿತ್ಯ ಕಾಡುವ ಸಣ್ಣ ಸಣ್ಣ ತೊಡಕುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಲಿನಕ್ಸ್‌ನ ಕಡತವ್ಯವಸ್ಥೆ ಹೆಸರುಗಳಲ್ಲಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಬೇರೆಯಾಗಿ ನೋಡುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ಗಳ ಸಾಮಾನ್ಯ ಸ್ಥಾಪನೆಯಲ್ಲಿ ಅವೆರಡೂ ಒಂದೇ. ಆದ್ದರಿಂದ ಕಡತದ ಹೆಸರಿನ ಮೊದಲ ಅಕ್ಷರವನ್ನು ತಪ್ಪಾಗಿ ಬರೆದ ಕೋಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತಕರಾರಿಲ್ಲದೆ ಓಡಿ, ಸರ್ವರ್‌ಗೆ ಹೋದೊಡನೆ ಕಡತವೇ ಇಲ್ಲವೆಂದು ನಿಂತುಬಿಡುತ್ತದೆ. ಸಾಲಿನ ಕೊನೆಯ ಗುರುತಿನದೂ ಇದೇ ಕಥೆ: ಟೆಲಿಪ್ರಿಂಟರ್ ಕಾಲದಿಂದ ಬಂದ ಎರಡು ಸಂಕೇತಗಳನ್ನು ವಿಂಡೋಸ್ ಇಂದಿಗೂ ಉಳಿಸಿಕೊಂಡಿದೆ, ಲಿನಕ್ಸ್ ಒಂದನ್ನೇ ಬಳಸುತ್ತದೆ, ಹಾಗಾಗಿ ವಿಂಡೋಸ್‌ನಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿಯಿರುವ ಕಡತ) ಲಿನಕ್ಸ್‌ನಲ್ಲಿ ಅರ್ಥವಾಗದ ದೋಷಸಂದೇಶ ಕೊಡುತ್ತದೆ. ತಂಡದಲ್ಲಿ ಎರಡು ಬಗೆಯ ಯಂತ್ರಗಳಿದ್ದರೆ ಸಾಲಿನ ಕೊನೆಯ ನಿಯಮವನ್ನು ಪ್ರತಿಯೊಬ್ಬರ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಟೂಲ್) ಸೆಟ್ಟಿಂಗ್‌ಗೆ ಬಿಡದೆ ತಂಡದ ಕೋಡ್ ಇರುವ ರೆಪಾಸಿಟರಿಯ ಗಿಟ್‌ಆಟ್ರಿಬ್ಯೂಟ್ಸ್ ಕಡತದಲ್ಲಿಯೇ ಬರೆದಿಡಬೇಕೆಂದು ನಾನು ಒತ್ತಾಯಿಸುತ್ತೇನೆ.

ವಿಂಡೋಸ್ ಬಿಡಲಾಗದವರಿಗೆ 2019ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ, ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ 2 ದೊಡ್ಡ ಅನುಕೂಲ. ಮೊದಲ ಆವೃತ್ತಿ ಪ್ರೋಗ್ರಾಂಗಳು ಲಿನಕ್ಸ್‌ಗೆ ಮಾಡುವ ಕರೆಗಳನ್ನು (ಕಡತ ತೆರೆ ಎಂಬಂಥ ಕೋರಿಕೆಗಳನ್ನು) ವಿಂಡೋಸ್ ಕರೆಗಳಾಗಿ ಬದಲಾಯಿಸುವ ಪ್ರಯತ್ನ ಮಾಡಿತ್ತು. ಎರಡನೆಯದರಲ್ಲಿ ಹಗುರವಾದ ವರ್ಚುವಲ್ ಮಷೀನ್ ಒಳಗೆ ಲಿನಕ್ಸ್‌ನ ತಿರುಳಾದ ನಿಜವಾದ ಕರ್ನಲ್ಲೇ ಓಡುತ್ತದೆ. ಅದು ನಿಧಾನವೆಂದು ದೂರುವವರಲ್ಲಿ ಹಲವರು ತಮ್ಮ ಪ್ರಾಜೆಕ್ಟನ್ನು ವಿಂಡೋಸ್‌ನ ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್ ಕಡೆಯಿಂದ ತೆರೆಯುತ್ತಿರುತ್ತಾರೆ. ಆಗ ಪ್ರತಿ ಕಡತವೂ ಎರಡು ವ್ಯವಸ್ಥೆಗಳ ಗಡಿ ದಾಟಿ ಬರಬೇಕಾಗುತ್ತದೆ. ಪ್ರಾಜೆಕ್ಟನ್ನು ಲಿನಕ್ಸ್‌ನ ಸ್ವಂತ ಹೋಮ್ ಫೋಲ್ಡರ್‌ಗೆ ಸಾಗಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ.

ಇನ್ನು ಪ್ರೊಸೆಸರ್ ವಿಷಯ. 2020ರ ನವೆಂಬರ್‌ನಲ್ಲಿ ಆ್ಯಪಲ್ ತನ್ನ ಎಂ1 ಚಿಪ್ ಹೊರತರುವ ತನಕ ಡೆವಲಪರ್‌ಗಳ ಲ್ಯಾಪ್‌ಟಾಪ್ ಮತ್ತು ಸರ್ವರ್ ಎರಡೂ ಹೆಚ್ಚುಕಡಿಮೆ ಒಂದೇ ಯಂತ್ರಭಾಷೆಯನ್ನು ಮಾತನಾಡುತ್ತಿದ್ದವು, ಈಗ ಹಾಗಿಲ್ಲ. ಪ್ರೋಗ್ರಾಂಅನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಕಂಟೇನರ್ ಎಂಬ ಪೊಟ್ಟಣದಲ್ಲಿ ಕಟ್ಟುವ ಡಾಕರ್ ಬಳಸಿದರೆ ಎಲ್ಲ ಕಡೆಯೂ ಒಂದೇ ರೀತಿ ನಡೆಯುತ್ತದೆ ಎಂಬ ನಂಬಿಕೆ ಇಲ್ಲಿ ಅರ್ಧ ಮಾತ್ರ ನಿಜ. ಹೊಸ ಮ್ಯಾಕ್‌ನಲ್ಲಿ ಕಟ್ಟಿದ ಕಂಟೇನರ್ ಇಮೇಜ್, ನೀವು ಬೇರೆಯಾಗಿ ಹೇಳದಿದ್ದರೆ, ಎಆರ್‌ಎಂಗೆ, ಅಂದರೆ ಎಂ1 ಬಗೆಯ ಚಿಪ್‌ಗಳ ಯಂತ್ರಭಾಷೆಗೆ, ತಯಾರಾಗುತ್ತದೆ. ಅದನ್ನು ಇಂಟೆಲ್ ಅಥವಾ ಎಎಂಡಿ ಸರ್ವರ್‌ಗೆ ಹಾಕಿದರೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಎಂದು ಹೇಳಿ ಶುರುವೇ ಆಗುವುದಿಲ್ಲ. ಡಾಕರ್‌ನ ಬಿಲ್ಡ್‌ಎಕ್ಸ್ ಮೂಲಕ ಎರಡೂ ಬಗೆಯ ಇಮೇಜ್‌ಗಳನ್ನು ತಯಾರಿಸಬಹುದು, ಆದರೆ ನಿಮ್ಮದಲ್ಲದ ಪ್ರೊಸೆಸರ್‌ಗೆ ಎಮ್ಯುಲೇಷನ್‌ನಲ್ಲಿ (ಆ ಪ್ರೊಸೆಸರನ್ನು ತಂತ್ರಾಂಶದಿಂದ ಅನುಕರಿಸಿ) ಕಂಪೈಲ್ ಮಾಡುವುದು ಬಹಳ ನಿಧಾನ; ಆ ಕೆಲಸವನ್ನು, ಕೋಡ್ ಸೇರಿಸಿದೊಡನೆ ತಾನಾಗಿ ಬಿಲ್ಡ್ ಮಾಡುವ ಸಿಐ ಸರ್ವರ್‌ಗೆ ಒಪ್ಪಿಸುವುದೇ ಒಳ್ಳೆಯದು. ಅಮೆಜಾನ್‌ನ ಗ್ರಾವಿಟನ್‌ನಂಥ ಎಆರ್‌ಎಂ ಸರ್ವರ್‌ಗಳಲ್ಲಿ ನಿಮ್ಮ ಸೇವೆ ನಡೆಯುತ್ತಿದ್ದರೆ ಮಾತು ತಿರುಗುತ್ತದೆ, ಆಗ ಮ್ಯಾಕ್‌ನವರೇ ಸುಖಿಗಳು. ಎಆರ್‌ಎಂ ಬಗೆಯದೇ ಆದ ಸ್ನಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬಾಳಿಕೆ ಚೆನ್ನಾಗಿದೆ, ಸಾಮಾನ್ಯ ಅಪ್ಲಿಕೇಷನ್‌ಗಳೂ ಎಮ್ಯುಲೇಷನ್‌ನಲ್ಲಿ ನಡೆಯುತ್ತವೆ. ಡ್ರೈವರ್‌ಗಳು ಮಾತ್ರ ಹಾಗೆ ನಡೆಯವು. ಮೈಕ್ರೋಕಂಟ್ರೋಲರ್ ಬೋರ್ಡುಗಳು, ಚಿಪ್‌ಗೆ ಪ್ರೋಗ್ರಾಂ ತುಂಬುವ ಹಳೆಯ ಸಾಧನಗಳು ಇವುಗಳ ಜೊತೆ ಕೆಲಸ ಮಾಡುವವರು ಅಂಥ ಲ್ಯಾಪ್‌ಟಾಪ್‌ನಿಂದ ಸದ್ಯಕ್ಕೆ ದೂರವಿರಬೇಕೆಂದೇ ನನ್ನ ಅಭಿಪ್ರಾಯ.

ಹಣ ಎಲ್ಲಿ ಹಾಕಬೇಕು ಎಂದು ಕೇಳಿದರೆ ನನ್ನ ಉತ್ತರ ಮೊದಲು ರ‍್ಯಾಮ್, ಎರಡನೆಯದು ಎಸ್‌ಎಸ್‌ಡಿ, ಪ್ರೊಸೆಸರ್ ಆಮೇಲೆ. ಆಂಡ್ರಾಯ್ಡ್ ಸ್ಟುಡಿಯೊ, ತೆರೆಯ ಮೇಲೆ ನಕಲಿ ಫೋನ್ ನಡೆಸುವ ಅದರ ಎಮ್ಯುಲೇಟರ್, ಹತ್ತಾರು ಟ್ಯಾಬ್ ತೆರೆದ ಕ್ರೋಮ್, ಹಿನ್ನೆಲೆಯಲ್ಲಿ ಒಂದು ಡೇಟಾಬೇಸ್, ಇಷ್ಟು ಒಟ್ಟಿಗೆ ಇದ್ದರೆ 8 ಜಿಬಿ ಸಾಲುವುದಿಲ್ಲ. 16 ಜಿಬಿ ಇಂದಿನ ಕನಿಷ್ಠ. ಮ್ಯಾಕ್‌ಗಳಲ್ಲಿ, ತೆಳ್ಳನೆಯ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಕೊಳ್ಳುವ ದಿನದ ನಿರ್ಧಾರವೇ ಕೊನೆಯದು. 8 ಜಿಬಿ ರ‍್ಯಾಮ್ ಇರುವ ಇಂಟೆಲ್ ಐ7ಗಿಂತ 16 ಜಿಬಿಯ ಐ5 ಮೇಲು ಎಂಬುದನ್ನು ಅಂಗಡಿಯವರು ಸುಲಭವಾಗಿ ಒಪ್ಪುವುದಿಲ್ಲ.

ಐ7 ಎಂಬ ಹೆಸರಿನ ಮೋಹ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಇನ್ನೂ ದುಬಾರಿಯಾಗುತ್ತದೆ. ಏಳನೆಯ ಪೀಳಿಗೆಯ ಐ7-7500ಯುನಲ್ಲಿ ಇರುವುದು ಎರಡೇ ಕೋರ್; ಮರುವರ್ಷ, 2017ರಲ್ಲಿ, ಬಂದ ಎಂಟನೆಯ ಪೀಳಿಗೆಯ ಐ5-8250ಯುನಲ್ಲಿ ನಾಲ್ಕು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಚಿಪ್‌ಗಳೂ ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ ಎಂಟನೆಯ ಪೀಳಿಗೆಯಿಂದಲೇ ಶುರುವಾಗುತ್ತವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದಕ್ಕಿಂತ ಹಳೆಯ ಯಂತ್ರವನ್ನು ಲಿನಕ್ಸ್ ಹಾಕಿಕೊಳ್ಳುವ ಉದ್ದೇಶವಿದ್ದರೆ ಮಾತ್ರ ಕೊಳ್ಳಬೇಕು. ಆ ಉದ್ದೇಶವಿರುವವರು ಉಬುಂಟು ಇರುವ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅದರಿಂದಲೇ ಬೂಟ್ ಮಾಡಿ, ವೈಫೈ ಸಿಗುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂದು ನೋಡಿದ ಮೇಲೆ ಬೆಲೆಯ ಮಾತಿಗೆ ಇಳಿಯಬೇಕು.

ಎಡಿಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆ ಜಗಳಕ್ಕೆ ಕೊನೆಯಿಲ್ಲ. ವಿಎಸ್ ಕೋಡ್ ಮೂರೂ ವ್ಯವಸ್ಥೆಗಳಲ್ಲಿ ಒಂದೇ ತೆರನಾಗಿ ನಡೆಯುತ್ತದೆ, ಆ ಕಾರಣಕ್ಕೆ ತಂಡಗಳಿಗೆ ಒಗ್ಗುತ್ತದೆ. ಅದರ ಮೂಲ ಕೋಡ್ ಮುಕ್ತವಾಗಿದ್ದರೂ ಮೈಕ್ರೋಸಾಫ್ಟ್ ಹಂಚುವ ಆವೃತ್ತಿಯ ಪರವಾನಗಿ ಬೇರೆ, ಮತ್ತು ದೂರದ ಸರ್ವರ್‌ನ ಕೋಡ್ ತೆರೆಯುವ ರಿಮೋಟ್ ಎಸ್‌ಎಸ್‌ಎಚ್‌ನಂಥ ಮುಖ್ಯ ಎಕ್ಸ್‌ಟೆನ್ಷನ್‌ಗಳನ್ನು ಆ ಆವೃತ್ತಿಯ ಹೊರಗೆ ಬಳಸಲು ಅನುಮತಿಯಿಲ್ಲ ಎಂಬುದನ್ನು, ಅದೇ ಮುಕ್ತ ಕೋಡ್‌ನಿಂದ ಬೇರೆಯವರು ಕಟ್ಟಿದ ವಿಎಸ್‌ಕೋಡಿಯಂಗೆ ಹೋಗುವವರು ತಿಳಿದಿರಬೇಕು.

ಕನ್ನಡ ಪಠ್ಯವನ್ನು ತೋರಿಸುವ ತಂತ್ರಾಂಶ ಬರೆಯುವವರಿಗೆ ಇನ್ನೊಂದು ಲೆಕ್ಕವಿದೆ, ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುವುದಿಲ್ಲ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳು ಒತ್ತಕ್ಷರಗಳನ್ನು ಕೂಡಿಸಲು ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು ಬಳಸುತ್ತವೆ, ಆ್ಯಪಲ್ ವ್ಯವಸ್ಥೆಗಳ ಸ್ವಂತ ಆಪ್‌ಗಳಲ್ಲಿ ಆ ಕೆಲಸ ಕೋರ್‌ಟೆಕ್ಸ್ಟ್‌ನದು. ಫಾಂಟ್‌ಗಳೂ ಬೇರೆ: ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್. ಒಂದರಲ್ಲಿ ಸರಿಯಾಗಿ ಕೂತ ಬಟನ್‌ನ ಪಠ್ಯ ಇನ್ನೊಂದರಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಾಣುವುದು ಇದರಿಂದಲೇ. ಯೂನಿಕೋಡ್‌ನಲ್ಲಿ "ಸ್ತ್ರೀ" ಎಂಬುದು 6 ಸಂಕೇತಗಳು, ಅವನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ 18 ಬೈಟ್‌ಗಳು. ಕೊನೆಯ ದೀರ್ಘದ ಚಿಹ್ನೆಯನ್ನು ಬಿಡಿಸಿ ಬರೆಯುವ ರೂಪದಲ್ಲಿ ಅದೇ 7 ಸಂಕೇತಗಳಾಗುತ್ತದೆ. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಂಥ ಡಿಸ್ಕ್‌ನಿಂದ ಬಂದ ಕನ್ನಡ ಹೆಸರಿನ ಕಡತ ನೋಡಲು ಒಂದೇ ತೆರನಾಗಿದ್ದರೂ ಲಿನಕ್ಸ್‌ನಲ್ಲಿ ಹುಡುಕಿದಾಗ ಸಿಗುವುದಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತರುವುದನ್ನು ನಾನು ಪ್ರತಿ ಪ್ರಾಜೆಕ್ಟ್‌ನ ಮೊದಲ ದಿನವೇ ಸೇರಿಸುತ್ತೇನೆ.

ಇವನ್ನೆಲ್ಲ ಎಮ್ಯುಲೇಟರ್‌ನಲ್ಲಿ ನೋಡಿ ತೃಪ್ತಿಪಡುವ ಹಾಗಿಲ್ಲ, ಏಕೆಂದರೆ ತಯಾರಕರು ತಮ್ಮದೇ ಫಾಂಟ್ ಹಾಕಿದ ಫೋನ್‌ಗಳೂ ಇವೆ, ಬಳಕೆದಾರರು ಅಕ್ಷರದ ಗಾತ್ರವನ್ನು ಹಿಗ್ಗಿಸಿಕೊಂಡಿರುವುದೂ ಉಂಟು. ಆದ್ದರಿಂದ ಐ5 ಬಿಟ್ಟು ಐ7ಗೆ ಹೋಗುವ ಹಣದಲ್ಲಿ, 3 ಅಥವಾ 4 ಜಿಬಿ ರ‍್ಯಾಮ್ ಇರುವ, ಕೆಲವು ವರ್ಷ ಹಳೆಯ ಆಂಡ್ರಾಯ್ಡ್ ಫೋನೊಂದನ್ನು ಕೊಂಡು, ಅದರಲ್ಲಿ ಅಕ್ಷರವನ್ನು ಅತಿ ದೊಡ್ಡದಾಗಿ ಇಟ್ಟುಕೊಂಡು, ಪ್ರತಿ ಬಿಲ್ಡ್ಅನ್ನೂ ಮೊದಲು ಅದರ ಮೇಲೆ ಹಾಕಿ ನೋಡಿ ಎನ್ನುತ್ತೇನೆ.