ಡ್ರಿಲ್ ಯಾಕೆ ಯಾವಾಗಲೂ ಬೆಳಗ್ಗೆ 11ಕ್ಕೇ?

ನಾನು ನರ್ಸ್. ನಮ್ಮ ಆಸ್ಪತ್ರೆಯಲ್ಲಿ ಮಾಕ್ ಡ್ರಿಲ್, ಅಂದರೆ ಅನಾಹುತ ಆದರೆ ಏನು ಮಾಡಬೇಕು ಅನ್ನೋ ಅಣಕು ಅಭ್ಯಾಸ, ಅಂದ್ರೆ ಬೆಳಗ್ಗೆ 11 ಗಂಟೆ. ರೌಂಡ್ಸ್ ಮುಗಿದಿರುತ್ತೆ, ಮಾರ್ನಿಂಗ್ ಶಿಫ್ಟಿನವರೆಲ್ಲ ಇರ್ತಾರೆ, ಲಿಫ್ಟ್ ಓಡ್ತಿರುತ್ತೆ, ಫೋಟೋ ತೆಗೆಯೋಕೂ ಒಬ್ಬರು ರೆಡಿ. ಪೇಷೆಂಟ್ ಆಗಿ ಮಲಗಿರೋ ಸ್ಟೂಡೆಂಟ್ ನರ್ಸ್ ನಗು ತಡೆಯೋಕೆ ಒದ್ದಾಡ್ತಿರ್ತಾಳೆ. ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಮುಗೀತು.

ನನಗೆ ನಿಜವಾದ ಡ್ರಿಲ್ ಆಗಿದ್ದು ಒಂದು ನೈಟ್ ಶಿಫ್ಟಿನಲ್ಲಿ. ಭೂಕಂಪ, ಪ್ರವಾಹ ಏನೂ ಇಲ್ಲ, ಸುಮ್ನೆ ಕರೆಂಟ್ ಹೋಯಿತು, ಜನರೇಟರ್ ಹತ್ತಲಿಲ್ಲ. ಐಸಿಯುನಲ್ಲಿ ನಾವು ಮೂವರು, ವೆಂಟಿಲೇಟರ್ (ಉಸಿರಾಡಿಸೋ ಮೆಷಿನ್) ಮೇಲೆ ನಾಲ್ವರು ಪೇಷೆಂಟ್‌ಗಳು. ವೆಂಟಿಲೇಟರಿಗೆ ಬ್ಯಾಟರಿ ಇರುತ್ತೆ ಅಂತ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಒಂದರ ಬ್ಯಾಟರಿ ಯಾವತ್ತೋ ಸತ್ತಿದೆ ಅಂತ ಗೊತ್ತಾಗಿದ್ದು ಅವತ್ತೇ. ಬೆಡ್ಡಿನ ತಲೆ ಹತ್ತಿರ ಇರಬೇಕಾದ ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಪೇಷೆಂಟಿಗೆ ಉಸಿರು ಕೊಡೋ ಚೀಲ) ಅಲ್ಲಿರಲಿಲ್ಲ. ಹುಡುಕಿ ತಂದು, ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಅದರ ಟಾರ್ಚ್ ಬೆಳಕಲ್ಲಿ ಒತ್ತೋಕೆ ಶುರು ಮಾಡಿದೆ. ದೊಡ್ಡವರಿಗೆ 6 ಸೆಕೆಂಡಿಗೆ ಒಂದು ಸಲ ಒತ್ತಬೇಕು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಗಾಬರಿಯಲ್ಲಿ 6 ಸೆಕೆಂಡ್ ಎಷ್ಟು ಉದ್ದ ಅಂತ ಯಾರೂ ಹೇಳಿರಲಿಲ್ಲ. ನಾನು ಎರಡು ಸೆಕೆಂಡಿಗೊಮ್ಮೆ ಒತ್ತುತ್ತಿದ್ದೆ. ಹಾಗೆ ಮಾಡಿದರೆ ಎದೆಯೊಳಗೆ ಒತ್ತಡ ಜಾಸ್ತಿಯಾಗಿ ಬಿಪಿ ಇಳಿಯುತ್ತೆ. ಸೀನಿಯರ್ ಸಿಸ್ಟರ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಜೋರಾಗಿ ಒಂದು, ಎರಡು ಅಂತ ಎಣಿಸಿದರು. ಕೈ ತಾನಾಗೇ ನಿಧಾನವಾಯಿತು. ಏಳು ನಿಮಿಷಕ್ಕೆ ಲೈಟ್ ಬಂತು, ಪೇಷೆಂಟಿಗೆ ಏನೂ ಆಗಲಿಲ್ಲ. ನನಗೆ ಎರಡು ದಿನ ನಿದ್ದೆ ಬರಲಿಲ್ಲ.

2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಯಲ್ಲೂ ಕರೆಂಟ್ ಹೋಗಿ ಬ್ಯಾಕಪ್ ಜನರೇಟರ್ ಕೈಕೊಟ್ಟಿತ್ತು. ಒಂಬತ್ತನೇ ಮಹಡಿಯ ಎನ್‌ಐಸಿಯುನಿಂದ (ನವಜಾತ ಶಿಶುಗಳ ಐಸಿಯು) ಸುಮಾರು 20 ಶಿಶುಗಳನ್ನು ನರ್ಸ್‌ಗಳು ಎದೆಗವಚಿಕೊಂಡು ಕತ್ತಲೆಯಲ್ಲಿ ಮೆಟ್ಟಿಲಿಳಿದರು. ಉಸಿರಾಟಕ್ಕೆ ಮೆಷಿನ್ ಬೇಕಿದ್ದ ಮಕ್ಕಳಿಗೆ ಇಳಿಯುತ್ತಲೇ ಕೈಯಲ್ಲಿ ಬ್ಯಾಗ್ ಒತ್ತುತ್ತಿದ್ದರು. ಏಳು ನಿಮಿಷಕ್ಕೇ ನನ್ನ ಕೈ ನಡುಗಿತ್ತು, ಅವರದು ಏನಾಗಿರಬೇಕು ಅಂತ ಇವತ್ತಿಗೂ ಯೋಚಿಸ್ತೀನಿ.

ಟ್ರಯಾಜ್, ಅಂದರೆ ಒಟ್ಟಿಗೆ ತುಂಬಾ ಜನ ಗಾಯಾಳುಗಳು ಬಂದಾಗ ಯಾರಿಗೆ ಮೊದಲು ಚಿಕಿತ್ಸೆ ಅಂತ ವಿಂಗಡಿಸೋದು, ನಮಗೆಲ್ಲ ಬಾಯಿಪಾಠ. ಕೆಂಪು ಅಂದರೆ ತಕ್ಷಣ ನೋಡಬೇಕು, ಹಳದಿ ಸ್ವಲ್ಪ ಕಾಯಬಹುದು, ಹಸಿರು ಸಣ್ಣ ಗಾಯ, ಕಪ್ಪು ಸತ್ತವರು ಅಥವಾ ಉಳಿಸೋಕೆ ಆಗದವರು. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸ್ಟಾರ್ಟ್ (START) ಅನ್ನೋ ವಿಂಗಡಣೆ ಪದ್ಧತಿ ನಿಜಕ್ಕೂ ಸುಲಭ: ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು, ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳೋಕೆ 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕೆಂಪು, ಹೇಳಿದ ಮಾತು ಕೇಳಿ ಮಾಡೋಕೆ ಆಗದಿದ್ದರೂ ಕೆಂಪು. ಕಷ್ಟ ಇರೋದು ಬೇರೆ ಕಡೆ. ಆಸ್ಪತ್ರೆಗೆ ಮೊದಲು ಬರೋದು ಹೆಚ್ಚಾಗಿ ಹಸಿರಿನವರೇ, ಯಾಕೆಂದರೆ ಅವರು ಸಿಕ್ಕ ಗಾಡಿ ಹತ್ತಿ ತಾವೇ ಬಂದುಬಿಡ್ತಾರೆ. ಅವರಿಗೆಲ್ಲ ಬೆಡ್ ಕೊಟ್ಟು ಕೂತರೆ, ಆಮೇಲೆ ಆಂಬುಲೆನ್ಸಿನಲ್ಲಿ ಬರೋ ಕೆಂಪಿನವರಿಗೆ ಜಾಗ ಇರಲ್ಲ. ಇನ್ನು ಕಪ್ಪು ಟ್ಯಾಗ್. ದಿನಾ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸೋ ಪ್ರಯತ್ನ) ಮಾಡೋ ಕೈಗೆ, ಒಬ್ಬರನ್ನು ದಾಟಿ ಮುಂದಿನವರ ಹತ್ತಿರ ಹೋಗು ಅಂತ ಹೇಳಿಕೊಡೋದು ಹೇಗೆ? ಯಾವ ಡ್ರಿಲ್ಲಿನಲ್ಲೂ ಇದರ ಬಗ್ಗೆ ಮಾತು ಬರೋದನ್ನು ನಾನು ನೋಡಿಲ್ಲ.

ಮನೆ ವಿಷಯವೂ ಅಷ್ಟೇ. ಎಮರ್ಜೆನ್ಸಿಗೆ ಕರೆಯೋ ಪಟ್ಟಿಯಲ್ಲಿ ನನ್ನ ಹೆಸರಿದೆ. ಆ ಹೊತ್ತಲ್ಲಿ ನನ್ನ ಮಗುವನ್ನು ಯಾರು ನೋಡ್ಕೋತಾರೆ ಅಂತ ಯಾರೂ ಕೇಳಿಲ್ಲ. (ಪಟ್ಟಿಯಲ್ಲಿರೋದು ನನ್ನ ಹಳೇ ನಂಬರ್, ಅದು ಬೇರೆ ಕಥೆ.)

ರಾತ್ರಿ 2 ಗಂಟೆಗೆ ಒಂದು ಡ್ರಿಲ್ ಮಾಡೋಣ ಅಂತ ಕೇಳಿದೆ. ಪೇಷೆಂಟ್‌ಗಳ ನಿದ್ದೆ ಕೆಡುತ್ತೆ ಅಂದರು. ಅದೂ ಸರಿನೇ ಅಲ್ವಾ. ಅದಕ್ಕೆ ನಾವೇ ಒಂದು ಆಟ ಮಾಡ್ಕೊಂಡಿದ್ದೀವಿ: ಹ್ಯಾಂಡೋವರ್ (ಮುಂದಿನ ಶಿಫ್ಟಿಗೆ ಪೇಷೆಂಟ್‌ಗಳನ್ನು ಒಪ್ಪಿಸೋದು) ಮುಗಿದ ಮೇಲೆ ಒಬ್ಬರು ಕಣ್ಣು ಮುಚ್ಚಿ ನಿಲ್ಲಬೇಕು, ಉಳಿದವರು ಕೇಳಬೇಕು. ಆಂಬು ಬ್ಯಾಗ್ ಎಲ್ಲಿ? ಆಕ್ಸಿಜನ್ ಲೈನ್ ಬಂದ್ ಮಾಡೋ ವಾಲ್ವ್ ಎಲ್ಲಿ, ಅದನ್ನು ಮುಚ್ಚಿದರೆ ಯಾವ್ಯಾವ ಬೆಡ್ಡಿಗೆ ಸಿಲಿಂಡರ್ ಬೇಕು? ಪಕ್ಕದ ವಾರ್ಡಿಗೆ ಮೊದಲು ಯಾರನ್ನು ಸಾಗಿಸ್ತೀಯ?

ಕಳೆದ ವಾರ ಹೊಸ ಹುಡುಗಿ ಎಲ್ಲದಕ್ಕೂ ಪಟಪಟ ಅಂತ ಉತ್ತರ ಕೊಟ್ಟಳು. ಟಾರ್ಚ್ ಎರಡನೇ ಡ್ರಾಯರಿನಲ್ಲಿ ಅಂದಳು, ಅಲ್ಲೇ ಇತ್ತು. ಒತ್ತಿದರೆ ಹತ್ತಲಿಲ್ಲ. ಅದರ ಸೆಲ್‌ಗಳನ್ನು ಯಾರೋ ಗೋಡೆ ಗಡಿಯಾರಕ್ಕೆ ಹಾಕಿದ್ದರು.